ಕಾಶಮ್ಮನ ಬುಟ್ಟಿ ಟೊಪ್ಪಿಗಿ

ಬೇಸಿಗೆ ರಜೆ ಬಿತ್ತೆಂದರೆ ನನ್ನ ಕಾಲು ಸೇಡಂನಲ್ಲಿ ನಿಲ್ಲುವುದಿಲ್ಲ. ಬೇರೆ ಟೀಚರುಗಳು ತವರಿಗೆ ಹೋಗುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ, ವರ್ಷವಿಡೀ ನಿಂತು ಪಾಠ ಹೇಳಿ ನೊಂದ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ನಾನು ಮಾತ್ರ ಬೆಳಗಿನ ಪ್ಯಾಸೆಂಜರ್ ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗುತ್ತೇನೆ. ಅಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ನನ್ನ ಗಂಡನೇ ಉತ್ತರ ಕೊಡುತ್ತಾರೆ: "ಮಂದಿ ಒಗದದ್ದು ಆರಿಸ್ಲಿಕ್ಕ ಹೋಗ್ತಾಳ್ರಿ."

ಅವರ ಮಾತು ಸುಳ್ಳಲ್ಲ. ಶಹಾಬಾದಿನಲ್ಲಿ ಒಂದು ಕಾಲಕ್ಕೆ ಭಾರಿ ಕಾರ್ಖಾನೆಗಳಿದ್ದವು, ಸಾಹೇಬರ ಬಂಗಲೆಗಳಿದ್ದವು. ಕಾರ್ಖಾನೆಗಳು ಬಾಗಿಲು ಹಾಕಿಕೊಂಡ ಮೇಲೆ ಸಾಹೇಬರು ಹೋದರು; ಅವರ ಸಾಮಾನು ಮಾತ್ರ ಊರು ಬಿಡಲಿಲ್ಲ. ಕೈಯಿಂದ ಕೈಗೆ ಹೋಗಿ ಹೋಗಿ ಕೊನೆಗೆ ರಸೂಲ್ ಚಾಚಾನ ಗುಜರಿ ಅಂಗಡಿಗೆ ಬಂದು ಕುಂತಿತು. ನೀಲಿ ಅಂಚಿನ, ಚಹಾದ ಜರ್ಮನ್ ಕಿಟಲಿ, ಮರದ ಗುಂಡಿಯ ಬಿಳಿ ಕೋಟು, ಗಾಜಿಲ್ಲದ ಕಂದೀಲು, ಮೂರು ಕಾಲಿನ ಸ್ಟೂಲು. ಸ್ಟೂಲು ಮೂಲದಲ್ಲಿ ನಾಲ್ಕು ಕಾಲಿನದು ಎಂದು ತಿಳಿದದ್ದು ಅದನ್ನು ಮನೆಗೆ ತಂದು ನಮ್ಮವರನ್ನು ಅದರ ಮೇಲೆ ಕೂರಿಸಿದಾಗ.

ಹಳೆಯ ಸಾಮಾನಿನಲ್ಲೂ ನನಗೆ ವಿಶೇಷ ಪ್ರೀತಿ ಇರುವುದು ಸಮುದ್ರದ ದಂಡೆಯ ವಾಸನೆ ಇರುವ ವಸ್ತುಗಳ ಮೇಲೆ. ನಗಬೇಡಿ. ಸೇಡಂನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗುವುದು ಮಾರನೇ ದಿನವೇ ಎಂಬುದು ನನಗೂ ಗೊತ್ತು. ಆದರೆ ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಗಾಡಿಗಳು ನಮ್ಮೂರಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದವು. ಒಂದು ಸಮುದ್ರದಿಂದ ಹೊರಟು ಇನ್ನೊಂದು ಸಮುದ್ರಕ್ಕೆ ಹೋಗುವ ಜನ ನಡುವೆ ನಮ್ಮ ಧೂಳಿನಲ್ಲಿ ಇಳಿದು, ನಳದಡಿ ಮುಖ ತೊಳೆದು, ಮಿರ್ಚಿ ಭಜಿ ತಿಂದು ಹೋಗುತ್ತಿದ್ದರು. ಅಪ್ಪನಿಗೆ ಬುತ್ತಿ ಕೊಡಲು ಹೋದಾಗಲೆಲ್ಲ ನಾನು ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಅವರ ಬಟ್ಟೆ ನೋಡುತ್ತಿದ್ದೆ. ಒಂದು ಮಧ್ಯಾಹ್ನ, ತಗಡು ಕಾದು ಸಿಡಿಯುವಂಥ ಬಿಸಿಲಿನಲ್ಲಿ, ನೀಲಿ ಪಟ್ಟಿಯ ಬಿಳಿ ಫ್ರಾಕು ತೊಟ್ಟ ಒಬ್ಬ ಹೆಂಗಸು ಬಾಟಲಿ ಹಿಡಿದು ಇಳಿದಳು. ಅವಳ ತಲೆಯ ಮೇಲೆ ಮೊರದಷ್ಟು ಅಗಲದ ಹುಲ್ಲಿನ ಟೊಪ್ಪಿಗಿ. ಇಡೀ ವಾಡಿಯಲ್ಲಿ ಆ ಹೊತ್ತಿಗೆ ತಂಪಾಗಿದ್ದದ್ದು ಅವಳ ಮುಖ ಒಂದೇ. ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದರೆ, "ಅದು ಸಮುದ್ರದ ಮಂದೀದವ್ವ, ನಮಗಲ್ಲ" ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮುಂದೆ ಟೀಚರಾಗಿ ಒಮ್ಮೆ ತರಬೇತಿಗೆಂದು ಕಾರವಾರಕ್ಕೆ ಹೋದಾಗ ದಂಡೆಯ ಮೇಲೆ ಅಂಥದೇ ಟೊಪ್ಪಿಗಿ ಮಾರುತ್ತಿದ್ದರು. ಒಂದನ್ನು ತಲೆಯ ಮೇಲೆ ಇಟ್ಟುಕೊಂಡೆ. ಜೊತೆಯ ಟೀಚರುಗಳು "ಅಯ್ಯೋ, ಹೀರೋಯಿನ್!" ಎಂದು ನಕ್ಕರು. ತೆಗೆದು ಇಟ್ಟುಬಿಟ್ಟೆ. ಇದು ನನ್ನ ಸ್ವಭಾವ. ಆಸೆ ಸಮುದ್ರದಷ್ಟು, ಧೈರ್ಯ ಅಂಗೈಯಲ್ಲಿ ಹಿಡಿದ ನೀರಿನಷ್ಟು.

ಇನ್ನು ನಮ್ಮ ಅತ್ತಿಯ ವಿಷಯ. ಅವರ ಹೆಸರು ಕಾಶಮ್ಮ. ಚಿಂಚೋಳಿ ಕಡೆಯ ಕೊಡ್ಲಿ ಅವರ ಊರು; ತಂದೆ ಕಲ್ಲು ಕೆತ್ತುತ್ತಿದ್ದವರು. ಹೊಲವನ್ನು ದೊಡ್ಡ ಮಗನಿಗೆ ಒಪ್ಪಿಸಿ ನಮ್ಮ ಜೊತೆ ಸೇಡಂಗೆ ಬಂದು ನಾಲ್ಕು ವರ್ಷವಾಯಿತು. ತೊಗರಿ ಹೊಲದಲ್ಲಿ ಐವತ್ತು ವರ್ಷ ಬಾಗಿದ ಬೆನ್ನು ಈಗಲೂ ನೆಟ್ಟಗಿದೆ. ಮಾತು ಕಡಿಮೆ, ಆಡಿದರೆ ನೆಲಕ್ಕೆ ಹಾಸುವ ಪರಸಿ ಕಲ್ಲು ಬಿದ್ದ ಹಾಗೆ.

ಪರಸಿ ಕಲ್ಲಿನಿಂದಲೇ ಈ ಕಥೆ ಶುರುವಾದದ್ದು. ನಮ್ಮ ಬಚ್ಚಲಿಗೆ ಶಹಾಬಾದಿನ ಕಲ್ಲು ಹಾಸಬೇಕಿತ್ತು. ಮೊನ್ನಿನ ಬೇಸಿಗೆಯಲ್ಲಿ ನಾನು ಹೊರಟಾಗ ಅತ್ತಿಯೂ ಚಪ್ಪಲಿ ಮೆಟ್ಟಿದರು. "ಕಲ್ಲು ನಾ ಆರಿಸ್ತೀನಿ. ನೀ ಆರಿಸಿದ್ರ ಅದಕ್ಕೂ ಮೂರೇ ಕಾಲು ಇರ್ತಾವ."

ಕಲ್ಲಿನ ಅಡ್ಡೆಯಲ್ಲಿ ಅವರು ಒಂದೊಂದು ಹಾಸನ್ನೂ ಬೆರಳ ಗಂಟಿನಿಂದ ಬಡಿದು ಕಿವಿಗೊಟ್ಟರು. "ಇದರಾಗ ಸೀಳು ಅದ. ಇದು ಛಲೋ ಅದ. ಇದರ ಎದಿ ಟೊಳ್ಳು." ಅಡ್ಡೆಯವನು ಬೀಡಿ ಆರಿಸಿ ಎದ್ದು ನಿಂತ. ಮೂವತ್ತು ವರ್ಷದಿಂದ ಇದೇ ದಂಧೆಯಲ್ಲಿರುವ ತಾನು ಹೀಗೆ ಕೇಳಿ ಆರಿಸಿದ ಹೆಣ್ಣುಮಗಳನ್ನು ನೋಡಿಲ್ಲ ಎಂದ. ಅತ್ತಿ ಮುಂದಿನ ಕಲ್ಲು ಬಡಿದರು.

ಕಲ್ಲು ಮುಗಿಸಿ ಅವರನ್ನು ರಸೂಲ್ ಚಾಚಾನ ಅಂಗಡಿಗೆ ಕರೆದುಕೊಂಡು ಹೋದೆ. ನಾನು ಒಂದು ಹಿತ್ತಾಳೆಯ ಗಂಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅತ್ತಿ ಹಳೆ ಬಟ್ಟೆಯ ರಾಶಿಗೆ ಕೈ ಹಾಕಿ ಏನನ್ನೋ ಎಳೆದರು. ಹುಲ್ಲಿನ ಟೊಪ್ಪಿಗಿ. ಅಗಲ ಅಂಚು, ಬಣ್ಣ ಮಾಸಿದ ರಿಬ್ಬನ್ನು, ಒಂದು ಕಡೆ ಸ್ವಲ್ಪ ಬಿಚ್ಚಿದ ಹೆಣಿಗೆ. ವಾಡಿಯ ಪ್ಲಾಟ್‌ಫಾರಂ ಮೇಲೆ ಕಂಡದ್ದಕ್ಕೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ.

"ಇದು ಯಾತರ ಬುಟ್ಟಿ?" ಅತ್ತಿ ಕೇಳಿದರು.

ರಸೂಲ್ ಚಾಚಾ ನಕ್ಕ. "ಬುಟ್ಟಿ ಅಲ್ಲ ಅಮ್ಮಾ, ಟೊಪ್ಪಿಗಿ. ದರ್ಯಾ ಕಿನಾರ್ಯಾಗ ಮೇಮ್‌ಸಾಬರು ಹಾಕ್ಕೊಂತಿದ್ರು. ಬಿಸಲು ಹತ್ತಬಾರದಂತ."

"ಸಮುದ್ರದ ದಂಡ್ಯಾಗ ಬಿಸಲು ನಮ್ಮಕ್ಕಿಂತ ಭಾಳ ಇರ್ತದೇನು?"

"ಹ್ಯಾಂಗ ಇರ್ತದ ಅಮ್ಮಾ! ಅಲ್ಲಿ ಗಾಳಿ ಇರ್ತದ, ನೀರು ಇರ್ತದ."

"ಮತ್ತ ಗಾಳಿ ನೀರು ಇದ್ದವರೇ ಇಂಥಾದ್ದು ಹಾಕ್ಕೊಂಡ್ರ, ನಾವು ಬರಿ ತಲಿಲೇ ಯಾಕ ಸಾಯಬೇಕು?" ಎಂದು ಅತ್ತಿ ಸೆರಗಿನ ಮೇಲೆಯೇ ಅದನ್ನು ಇಟ್ಟುಕೊಂಡರು. ನನ್ನ ಕಡೆ ತಿರುಗಿ, "ಮಳಿಗಿ ಗೋಣಿ ಚೀಲದ ಗೊಪ್ಪಿ ಹಾಕ್ಕೊಂತೀವಿ, ಚಳಿಗಿ ಕಂಬಳಿ ಹೊದಕೊಂತೀವಿ. ಬಿಸಲಿಗಿ ಏನೂ ಮಾಡ್ಕೊಂಡಿಲ್ಲ ನೋಡು ನಾವು. ಇಷ್ಟ ದಿನ ಹೊಳೀಲೇ ಇಲ್ಲ" ಎಂದರು.

ನಾನು ನಕ್ಕೆ. ಕಾರವಾರದ ಟೀಚರುಗಳು ನಕ್ಕ ಹಾಗೆಯೇ ನಕ್ಕೆ.

ಅವರು ತೆಗೆದು ಇಡಲಿಲ್ಲ. ಅದೇ ಫರಕು.

ಮನೆಗೆ ಬಂದು ಮಾಸಿದ ರಿಬ್ಬನ್ನು ಕಿತ್ತು, ಹರಿದ ಇಳಕಲ್ ಸೀರೆಯ ನೀಲಿ ದಡಿಯನ್ನು ಕತ್ತರಿಸಿ ಸುತ್ತ ಹೊಲಿದರು. ಬಿಚ್ಚಿದ ಹೆಣಿಗೆಯನ್ನು ದಬ್ಬಣದಿಂದ ಬಿಗಿದರು. ಗಾಳಿಗೆ ಹಾರದಂತೆ ಗದ್ದದ ಕೆಳಗೆ ಕಟ್ಟಲು ಖಣದ ಎರಡು ಲಾಡಿ. ನಾನು ಎಷ್ಟೋ ವರ್ಷದಿಂದ ಫೋನಿನಲ್ಲಿ ನೋಡಿ ನೋಡಿ ಉಳಿಸಿಕೊಂಡಿದ್ದ ಸಮುದ್ರ ದಂಡೆಯ ಚಿತ್ರಗಳಲ್ಲಿ ಅಷ್ಟು ಚೆಂದದ ಟೊಪ್ಪಿಗಿ ಒಂದೂ ಇರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು.

ಮಾರನೇ ದಿನದಿಂದ ಅತ್ತಿ ಅದನ್ನು ಹಾಕಿಕೊಂಡೇ ಕಾಯಿಪಲ್ಲೆ ಬಜಾರಿಗೆ ಹೋದರು, ಗುಡಿಗೆ ಹೋದರು, ಗಿರಣಿಗೆ ಹೋದರು. ಓಣಿಯಲ್ಲಿ ಕಿಟಕಿಗಳು ತೆರೆದವು. ನಮ್ಮವರು ಒಂದು ದಿನ ಊಟಕ್ಕೆ ಕುಂತಾಗ ಮೆಲ್ಲಗೆ ಎತ್ತಿದರು: "ಅವ್ವಾ, ಮಂದಿ ನಗಾಕತ್ತಾರ."

"ನಗಲಿ ಬಿಡೋ. ಈ ಬ್ಯಾಸಗ್ಯಾಗ ಅವರಿಗಿ ಬ್ಯಾರೆ ಏನು ಕೆಲಸ ಅದ?"

ಅಲ್ಲಿಗೆ ಆ ವಿಷಯ ಮುಗಿಯಿತು. ಮುಗಿಯದೇ ಉಳಿದದ್ದು ನನ್ನ ಒಳಗೆ.

ಮೇ ತಿಂಗಳ ಒಂದು ರವಿವಾರ ನಮ್ಮ ಶಾಲೆಯ ಟೀಚರುಗಳೆಲ್ಲ ಸೇರಿ ಕ್ರೂಸರ್ ಗಾಡಿ ಮಾಡಿಕೊಂಡು ಒಂದು ದಿನದ ಸುತ್ತಾಟಕ್ಕೆ ಹೊರಟೆವು. ಬೆಳಿಗ್ಗೆ ಮಾಳಖೇಡದ ಕೋಟೆ, ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ ಊಟ, ಆಮೇಲೆ ಸನ್ನತಿಯ ಹಳೆಯ ಸ್ತೂಪ. ಎಲ್ಲ ಏರ್ಪಾಡು ಮಾಡಿದವರು ನಮ್ಮ ಹೊಸ ಹೆಡ್ ಮೇಡಂ, ಪ್ರಮೀಳಾ ಅವರು. ಕಲಬುರಗಿಯಿಂದ ವರ್ಗವಾಗಿ ಬಂದವರು. ಇಸ್ತ್ರಿ ಮುರಿಯದ ಕಾಟನ್ ಸೀರೆ, ಕಪ್ಪು ಕನ್ನಡಕ, ಅಳೆದು ಆಡುವ ಮಾತು. ಅವರ ಮುಂದೆ ನಾನು ಒಂದಿಷ್ಟು ನಾಜೂಕಾಗಿ ಕಾಣಬೇಕೆಂದು ಮರದ ಗುಂಡಿಯ ಬಿಳಿ ಕೋಟನ್ನು ಸೀರೆಯ ಮೇಲೆ ತೊಟ್ಟಿದ್ದೆ. ಗಾಡಿಯಲ್ಲಿ ಜಾಗ ಇದೆ, ಮನೆಯ ಹಿರಿಯರನ್ನೂ ಕರೆತನ್ನಿ ಎಂದು ಮೇಡಂ ಹೇಳಿದ್ದು ಅತ್ತಿಯ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಆರಕ್ಕೇ ಅವರು ರೊಟ್ಟಿ ಬುತ್ತಿ ಕಟ್ಟಿಕೊಂಡು, ತೊಡೆಯ ಮೇಲೆ ಟೊಪ್ಪಿಗಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಂತಿದ್ದರು.

ಮಾಳಖೇಡದಲ್ಲಿ ಕಾಗಿಣಾ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೋಟೆಯ ಗೋಡೆಯ ನೆರಳಿನಲ್ಲಿ ನಾವೆಲ್ಲ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರೆ ಅತ್ತಿ ಟೊಪ್ಪಿಗಿಯ ಲಾಡಿ ಬಿಗಿದುಕೊಂಡು ಬುರುಜಿನವರೆಗೂ ನಡೆದು ಹೋದರು. ಆಕಾಶದ ಎದುರು ಅವರ ಆಕಾರ ನೋಡಬೇಕಿತ್ತು ನೀವು. ಕಚ್ಚೆ ಹಾಕಿದ ಸೀರೆ, ಸೊಂಟದ ಮೇಲೆ ಕೈ, ತಲೆಯ ಮೇಲೆ ಅಗಲವಾದ ಹುಲ್ಲಿನ ಟೊಪ್ಪಿಗಿ, ಗಾಳಿಗೆ ಪಟಪಟ ಹಾರುವ ಖಣದ ಲಾಡಿ. ಯಾವ ರಾಜನೂ ಆ ಬುರುಜಿನ ಮೇಲೆ ಅಷ್ಟು ನಿಶ್ಚಿಂತೆಯಿಂದ ನಿಂತಿರಲಿಕ್ಕಿಲ್ಲ.

ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ನಾನು ಫೋನು ನೋಡುತ್ತಿದ್ದೆ. ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಆ ಕ್ಷಣವೇ ಒಂದು ಫೋಟೋ ಬಂದಿತ್ತು. ಬುರುಜಿನ ಮೇಲೆ ಅತ್ತಿ. ಕೆಳಗೆ "ನಮ್ಮ ಗೋವಾ ಆಯಿ" ಎಂಬ ಸಾಲು. ಅದರ ಕೆಳಗೆ ನಗುವ ಮುಖಗಳು, ಒಂದರ ಹಿಂದೆ ಒಂದು. ತಲೆ ಎತ್ತಿದರೆ ನನ್ನ ಸುತ್ತ ನಿಂತವರೆಲ್ಲ ಫೋನು ಹಿಡಿದು ತುಟಿ ಕಚ್ಚಿಕೊಂಡಿದ್ದರು. ಪ್ರಮೀಳಾ ಮೇಡಂ ಕೂಡ ಕರವಸ್ತ್ರ ಬಾಯಿಗೆ ಹಿಡಿದಿದ್ದರು.

ನಾಗಾವಿಯಲ್ಲಿ ಬೇವಿನ ಗಿಡದ ಕೆಳಗೆ ಜಮಖಾನಿ ಹಾಸಿ ಊಟ ಮಾಡಿದೆವು. ಅತ್ತಿ ತಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಎಲ್ಲರೂ ಹೊಗಳಿದರು. ಅವರು ಕೈ ತೊಳೆಯಲು ನಳದ ಕಡೆ ಹೋದಾಗ, ಜಮಖಾನಿ ಮಡಚಿ ಗಾಡಿಯಲ್ಲಿ ಇಡುವ ನೆಪದಲ್ಲಿ ನಾನು ಟೊಪ್ಪಿಗಿಯನ್ನು ಹಿಂದಿನ ಸೀಟಿನ ಕೆಳಗೆ ತುರುಕಿ ಅದರ ಮೇಲೆ ಜಮಖಾನಿ ಹಾಕಿದೆ. ಯಾರೂ ನೋಡಲಿಲ್ಲ.

ಸನ್ನತಿಯಲ್ಲಿ ಇಳಿಯುವಾಗ ಅತ್ತಿ ಸೀಟಿನ ಮೇಲೆ, ಬುತ್ತಿ ಚೀಲದಲ್ಲಿ ಹುಡುಕಿದರು. "ಸುನಂದಾ, ನನ್ನ ಬುಟ್ಟಿ ಎಲ್ಲಿ ಅದ?"

"ಮಾಳಖೇಡದಾಗ ಬಿಟ್ಟು ಬಂದೀರೇನ್ರಿ ಅತ್ತಿ?" ಅಂದೆ. ಹೇಳಿ ಮುಗಿಸುವ ಮೊದಲೇ ಅದು ಎಂಥ ಸುಳ್ಳು ಎಂದು ನನಗೆ ಗೊತ್ತಾಯಿತು. ನಾಗಾವಿಯಲ್ಲಿ ಊಟದ ಹೊತ್ತಿಗೂ ಅದು ಅವರ ಪಕ್ಕದಲ್ಲೇ ಇತ್ತು. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಸೆರಗು ಹಣೆಯವರೆಗೆ ಎಳೆದುಕೊಂಡು ಇಳಿದರು.

ಎರಡು ಗಂಟೆಯ ಬಿಸಿಲು. ನೆಲದಿಂದ ಬರುವ ಝಳ ಒಂದು, ಮೇಲಿಂದ ಸುರಿಯುವುದು ಇನ್ನೊಂದು. ಆದರೂ ಅಲ್ಲಿ ಹೋದವರು ಬಿಸಿಲು ಮರೆಯುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಕೆತ್ತಿದ ಕಲ್ಲುಗಳು. ಆನೆ, ಗಿಡ, ಚಕ್ರ, ಕಿವಿಯ ತುಂಬ ಒಡವೆ ಹಾಕಿಕೊಂಡ ಹೆಂಗಸರು. ಪ್ರಮೀಳಾ ಮೇಡಂ ಬರೆದು ತಂದದ್ದನ್ನು ಓದಿ ಹೇಳುತ್ತಿದ್ದರು. ಅಷ್ಟರಲ್ಲಿ ಅತ್ತಿ ಬಾಗಿ, ಕಾವಲುಗಾರನ ಕಡೆ ನೋಡಿ, "ಮುಟ್ಟಂಗಿಲ್ಲೇನಪಾ?" ಎಂದು ಕೇಳಿ, ಮುಟ್ಟದೆ ಒಂದು ಬೆರಳಿನಷ್ಟು ದೂರದಲ್ಲಿ ಕೈ ಆಡಿಸಿದರು.

"ಇದು ನಮ್ಮ ಪರಸಿ ಕಲ್ಲೇ ಅದ" ಎಂದರು. "ಬಚ್ಚಲಿಗಿ ಹಾಕ್ತೀವಲ್ಲ, ಅದೇ."

ಮೇಡಂ ತಮ್ಮ ಕಾಗದ ನೋಡಿದರು. "ಹೌದ್ರಿ ಆಯಿ, ಇಲ್ಲೀದೇ ಸುಣ್ಣದಕಲ್ಲು ಅಂತ ಬರದಾರ."

"ಪದರಿನ ಕಲ್ಲು ಇದು. ಉಳಿ ಒಂಚೂರು ವಾರಿ ಆದ್ರ ಚಕ್ಕಿ ಎದ್ದು ಬಿಡ್ತದ. ಇಕೀ ಕಿವ್ಯಾಗಿನ ಒಡವಿ ನೋಡ್ರಿ. ಇಷ್ಟು ಸಣ್ಣದು ಇಂಥ ಕಲ್ಲಿನಾಗ ತೆಗದಾನಂದ್ರ ಅವನು ಉಸಿರು ಬಿಗಿ ಹಿಡಕೊಂಡು ಕುಂತಿರಬೇಕು."

ಒಬ್ಬೊಬ್ಬರಾಗಿ ಟೀಚರುಗಳು ಮೇಡಂ ಅವರ ಕಾಗದ ಬಿಟ್ಟು ಅತ್ತಿಯ ಸುತ್ತ ಬಂದು ನಿಂತರು. ಅತ್ತಿ ಕಲ್ಲಿನಿಂದ ಕಲ್ಲಿಗೆ ನಡೆದರು. ಯಾವ ಕಡೆಯಿಂದ ಉಳಿ ಇಟ್ಟಿರಬಹುದು, ಎಲ್ಲಿ ಕೈ ತಪ್ಪಿ ಮತ್ತೆ ಸರಿಪಡಿಸಿದ್ದಾನೆ, ಎಲ್ಲವನ್ನೂ ತೋರಿಸಿದರು. ಒಂದು ಕಲ್ಲಿನ ಮುಂದೆ ನಿಂತು ಬಿಟ್ಟರು. ಅದರಲ್ಲಿ ಒಂದು ಪೀಠ, ಪೀಠದ ಮೇಲೆ ಯಾರೂ ಇಲ್ಲ. ಎರಡೂ ಕಡೆ ಕೈಮುಗಿದ ಜನ. ಬರಿದಾದ ಪೀಠದ ಮೇಲೆ ಒಂದು ಛತ್ರಿ.

"ಕುಂತವರೇ ಇಲ್ಲ. ಛತ್ರಿ ಯಾಕ ಹಿಡದಾರವ್ವ?"

"ಬುದ್ಧನ ಮೂರ್ತಿ ಮಾಡೋ ರೂಢಿ ಆಗಿನ್ನೂ ಭಾಳ ಇರಲಿಲ್ರಿ ಆಯಿ" ಎಂದರು ಮೇಡಂ. "ಖಾಲಿ ಪೀಠ ಇಟ್ರ ಅಲ್ಲಿ ಬುದ್ಧ ಅದಾನಂತ ಅರ್ಥ."

ಅತ್ತಿ ಬಹಳ ಹೊತ್ತು ನೋಡಿದರು. "ಕಣ್ಣಿಗಿ ಕಾಣದವಗೂ ನೆರಳು ಹಿಡದಾರ ನೋಡು" ಎಂದರು. ಯಾರಿಗೆ ಅಂದರೋ ಗೊತ್ತಿಲ್ಲ. ನನ್ನ ಕಡೆ ತಿರುಗಿರಲಿಲ್ಲ. ನನಗೆ ಆ ಕ್ಷಣವೇ ಗಾಡಿಗೆ ಓಡಿ ಹೋಗಿ ಅದನ್ನು ತಂದು ಅವರ ತಲೆಗೆ ಇಡಬೇಕೆನಿಸಿತು. ತಂದರೆ ಎಲ್ಲಿತ್ತು ಎಂದು ಹೇಳಬೇಕಲ್ಲ? ನಿಂತೇ ಇದ್ದೆ. ಇನ್ನೆರಡು ಕಲ್ಲು ನೋಡಿದ ಮೇಲೆ ಅತ್ತಿ, "ಒಂಚೂರು ಕುಂದ್ರತೀನಿ" ಎಂದರು. ಕುಳಿತವರು ಹಾಗೆಯೇ ಪಕ್ಕಕ್ಕೆ ವಾಲಿದರು.

ಮುಖ ಕೆಂಡದ ಹಾಗೆ. ಮೈ ಮುಟ್ಟಿದರೆ ಸುಡುತ್ತಿತ್ತು, ಬೆವರಿನ ಒಂದು ಹನಿ ಇಲ್ಲ. "ಬಿಸಲು ಬಡದದ, ಎತ್ರಿ, ಎತ್ರಿ!" ಎಂದು ಕಾವಲುಗಾರ ಓಡಿ ಬಂದ. ನಾಲ್ಕು ಜನ ಸೇರಿ ಅವರನ್ನು ಗಾಡಿಗೆ ತಂದು ಹಿಂದಿನ ಸೀಟಿನ ಮೇಲೆ ಮಲಗಿಸಿದೆವು. ಪ್ರಮೀಳಾ ಮೇಡಂ ತಮ್ಮ ಇಸ್ತ್ರಿಯ ಸೀರೆಯ ಸೆರಗನ್ನು ನೀರಿನ ಕ್ಯಾನಿನಲ್ಲಿ ಅದ್ದಿ ಅತ್ತಿಯ ಕತ್ತು, ಕಂಕುಳು ಒರೆಸತೊಡಗಿದರು. "ಗಾಳಿ ಹಾಕ್ರಿ ಯಾರರೆ! ಏನರೆ ಗಟ್ಟಿ ಇದ್ದದ್ದು ಕೊಡ್ರಿ!" ಎಂದು ಕೂಗಿದರು. ಒಬ್ಬರು ಕರವಸ್ತ್ರ ಬೀಸಿದರು, ಒಬ್ಬರು ಕಾಗದ ಬೀಸಿದರು. ಯಾವುದರಿಂದಲೂ ಗಾಳಿ ಬರುತ್ತಿರಲಿಲ್ಲ.

ನಾನು ಸೀಟಿನ ಕೆಳಗೆ ಬಾಗಿದೆ. ಜಮಖಾನಿ ಎಳೆದು ಬಿಸಾಕಿ ಟೊಪ್ಪಿಗಿ ಹೊರತೆಗೆದೆ. ಎರಡೂ ಕೈಯಿಂದ ಅದರ ಅಗಲ ಅಂಚು ಹಿಡಿದು ಬೀಸಿದೆ. ದೊಡ್ಡ ಬೀಸಣಿಗೆಯ ಹಾಗೆ ಗಾಳಿ ಬಂತು. ಎಲ್ಲರೂ ನೋಡುತ್ತಿದ್ದರು. ಬೆಳಿಗ್ಗೆ ನಕ್ಕವರು, ಫೋಟೋ ಹಾಕಿದವರು, ಮೇಡಂ. ನಾನು ಬೀಸುತ್ತಲೇ ಇದ್ದೆ. ಗಾಡಿ ಚಿತ್ತಾಪುರದ ದಾರಿ ಹಿಡಿದಿತ್ತು. ಸುಮಾರು ದೂರ ಹೋದ ಮೇಲೆ ಅತ್ತಿ ಕಣ್ಣು ಬಿಟ್ಟರು. ಮೊದಲು ಕಂಡದ್ದು ತಮ್ಮ ಮುಖದ ಮೇಲೆ ಹೋಗಿ ಬರುವ ನೀಲಿ ದಡಿ.

"ಮಾಳಖೇಡದಿಂದ ಯಾವಾಗ ಬಂತು ಇದು?" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಒಳ್ಳೆ ಹೊತ್ತಿಗೆ ತಂದಿದ್ದೀರಿ, ಗಾಬರಿ ಬೇಡ ಎಂದರು ಡಾಕ್ಟರು. ಎಲ್ಲರೂ ಹೊರಗೆ ಬೆಂಚಿನ ಮೇಲೆ ಕುಳಿತರು. ಪ್ರಮೀಳಾ ಮೇಡಂ ಒದ್ದೆ ಸೆರಗನ್ನು ಹಿಂಡುತ್ತಾ ನನ್ನ ಪಕ್ಕಕ್ಕೆ ಬಂದು, "ನೀವೊಬ್ಬರೇ ಅಳಬ್ಯಾಡ್ರಿ. ಬೆಳಿಗ್ಗೆ ನಾನೂ ನಕ್ಕೀನಿ" ಎಂದರು. ಫೋನು ತೆಗೆದು ಗುಂಪಿನಲ್ಲಿ ಏನೋ ಬರೆದರು. ಆಮೇಲೆ ನೋಡಿದರೆ ಫೋಟೋ ಹೋಗಿತ್ತು, ನಗುವ ಮುಖಗಳೂ ಹೋಗಿದ್ದವು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಮಂದಿ ನಕ್ಕದ್ದು ಒಂದು ಫೋಟೋಕ್ಕೆ. ನಾನು ತೆಗೆದದ್ದು ನೆರಳನ್ನು.

ಒಳಗೆ ಹೋಗಿ ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ. ನಾಚಿಕೆಯಾಯಿತು, ಅದಕ್ಕೇ ಬಚ್ಚಿಟ್ಟೆ, ತಪ್ಪಾಯಿತು ಅತ್ತಿ ಎಂದೆ. ಹಿರಿಯರು ಇಂಥ ಹೊತ್ತಿಗೆ "ಹೋಗ್ಲಿ ಬಿಡು ಮಗಳ" ಎನ್ನುತ್ತಾರಲ್ಲ, ಅದಕ್ಕೆ ಕಾದು ನಿಂತಿದ್ದೆನೋ ಏನೋ.

ಅತ್ತಿ ಹಾಗೆ ಅನ್ನಲಿಲ್ಲ. ಸೂಜಿ ಚುಚ್ಚಿದ ಕೈ ಅಲ್ಲಾಡಿಸದೆ ತಲೆ ಮಾತ್ರ ನನ್ನ ಕಡೆ ತಿರುಗಿಸಿದರು.

"ನಾಚಿಕಿ ನಿಂದು. ತಲಿ ನಂದು" ಎಂದರು. "ನಿನ್ನ ನಾಚಿಕಿಗಿ ನಾ ಯಾಕ ಬಿಸಲು ತಿನ್ನಬೇಕು?"

ಶಾಲೆಯಲ್ಲಿ ಇಪ್ಪತ್ತೈದು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವಳು ನಾನು. ನನ್ನ ತಪ್ಪಿನ ಕೆಳಗೆ ಅಷ್ಟು ನೇರವಾದ ಗೆರೆ ಯಾರೂ ಎಳೆದಿರಲಿಲ್ಲ. "ಹೌದ್ರಿ" ಎಂದೆ.

ಮನೆಗೆ ಬಂದ ಮೇಲೆ ಮೂರು ದಿನ ಅತ್ತಿ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ನೀರು ಕೊಡು, ಬಾಗಿಲು ಹಾಕು, ಅಷ್ಟೇ. ಮುನಿಸು ಮುಖದ ಮೇಲೆ ಇರಲಿಲ್ಲ, ಮಾತಿನ ಅಳತೆಯಲ್ಲಿತ್ತು. ನಮ್ಮವರು ನಡುವೆ ಬಂದು ಸಂಧಾನ ಮಾಡಲು ನೋಡಿ ಇಬ್ಬರಿಂದಲೂ ಬೈಸಿಕೊಂಡರು.

ನಾಲ್ಕನೇ ದಿನ ಅತ್ತಿ ಎದ್ದು ಓಡಾಡಿದರು. ಮಧ್ಯಾಹ್ನ ಹನ್ನೆರಡೂವರೆಗೆ ಜೋಳದ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಅದರ ಮೇಲೆ ಟೊಪ್ಪಿಗಿ ಇಟ್ಟರು.

"ಗಿರಣಿಗಿ ಹೋಗಿ ಬಾ."

"ಸಂಜಿಗಿ ಹೋಗ್ತೀನ್ರಿ ಅತ್ತಿ. ಈಗ ಭಾಳ ಬಿಸಲು ಅದ."

"ಬಿಸಲು ಅದಂತೇ ಹೇಳಾಕತ್ತೀನಿ."

ಗಿರಣಿ ಬಸ್ ನಿಲ್ದಾಣದ ರಸ್ತೆಯ ತುದಿಯಲ್ಲಿದೆ. ಸೇಡಂನಲ್ಲಿ ನನ್ನ ಹತ್ತಿರ ಕಲಿಯದ ಮಕ್ಕಳು ಕಡಿಮೆ, ನನ್ನ ಗುರುತು ಹಿಡಿಯದ ಅಂಗಡಿಯವರು ಅದಕ್ಕಿಂತ ಕಡಿಮೆ. ಕನ್ನಡಿ ನೋಡಲು ಹೋಗಲಿಲ್ಲ. ನೋಡಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ಲಾಡಿ ಬಿಗಿದುಕೊಂಡು, ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ನಡೆದೆ. ಮೊದಲ ತಿರುವಿನಲ್ಲೇ ಸ್ಕೂಟರಿನವರೊಬ್ಬರು ಕತ್ತು ತಿರುಗಿಸಿ ಇನ್ನೇನು ಹಂದಿಗೆ ಗುದ್ದುವವರಿದ್ದರು. "ಟೀಚರ್ ನೋಡ್ರಲೇ!" ಎಂದು ಯಾವುದೋ ಮಾಳಿಗೆಯಿಂದ ಕೂಗು ಬಂತು. ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.

ಆಮೇಲೆ ಒಂದು ವಿಚಿತ್ರ ಗೊತ್ತಾಯಿತು. ಟೊಪ್ಪಿಗಿಯ ಅಂಚು ಕಣ್ಣಿನ ಮೇಲೆ ಇಳಿದಿರುತ್ತದೆ. ಒಳಗಿನಿಂದ ಮಂದಿಯ ಮುಖ ಕಾಣುವುದೇ ಇಲ್ಲ. ಕಾಣುವುದು ರಸ್ತೆ, ಮತ್ತು ಜನರ ಕಾಲು. ಕಾಲುಗಳು ನಗುವುದಿಲ್ಲ. ಹೆಗಲವರೆಗೆ ಬಿದ್ದ ನೆರಳು ನನ್ನ ಜೊತೆಯೇ ನಡೆಯುತ್ತಿತ್ತು. ಹುಲ್ಲಿನ ಸಂದಿಯಿಂದ ಸಣ್ಣ ಸಣ್ಣ ಬೆಳಕಿನ ಚುಕ್ಕಿ ನನ್ನ ಕೈ ಮೇಲೆ ಕುಣಿಯುತ್ತಿದ್ದವು. ಅತ್ತಿ ಇಷ್ಟು ದಿನ ಇದರೊಳಗೆ ನಡೆದಾಡಿದ್ದು! ಅವರ ಧೈರ್ಯ ಟೊಪ್ಪಿಗಿಯಿಂದ ಬಂದದ್ದಲ್ಲ ಎಂಬುದು ನನಗೆ ಗೊತ್ತು. ಮೊದಲನೇ ಸಲ ತಲೆಗೆ ಇಟ್ಟುಕೊಂಡಾಗ ಅವರಿಗೆ ಈ ಅನುಕೂಲ ಗೊತ್ತಿರಲಿಲ್ಲವಲ್ಲ.

ಗಿರಣಿಯಲ್ಲಿ ಆರೇಳು ಹೆಂಗಸರು ಪಾಳಿ ಹಚ್ಚಿ ಕುಂತಿದ್ದರು. ನನ್ನನ್ನು ನೋಡಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಕೊನೆಗೆ ಬಳೆ ಮಾರುವ ಹಸೀನಾಬಿ ಎದ್ದು ಬಂದಳು. ದಿನವಿಡೀ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿ ಓಣಿ ತಿರುಗುವವಳು.

"ಟೀಚರಮ್ಮಾ, ನನ್ನ ತಲಿಮ್ಯಾಲ ಒಂದ್ಸಲ ಇಡ್ರಿ. ಹೆಂಗ ಇರ್ತದ ನೋಡ್ತೀನಿ."

ಇಟ್ಟೆ. ಅವಳು ಗಿರಣಿಯ ಬಾಗಿಲು ದಾಟಿ ಬಿಸಿಲಿಗೆ ಹೋಗಿ ನಿಂತಳು. ಮುಖ ಮೇಲೆತ್ತಿದಳು, ಕೆಳಗೆ ಮಾಡಿದಳು, ಒಂದು ಸುತ್ತು ತಿರುಗಿದಳು. "ಯಾ ಅಲ್ಲಾ, ಒಳಗ ಸಂಜಿ ಆಗ್ಯಾದ!" ಎಂದು ಕೂಗಿದಳು. ಅಷ್ಟೇ ಸಾಕಾಯಿತು. ಉಳಿದವರೆಲ್ಲ ಎದ್ದರು. ಟೊಪ್ಪಿಗಿ ತಲೆಯಿಂದ ತಲೆಗೆ ಹೋಯಿತು, ಒಬ್ಬೊಬ್ಬರೂ ಹೊರಗೆ ಹೋಗಿ ನಿಂತು ಬಂದರು. ಗಿರಣಿಯವನು ಹಿಟ್ಟಿನ ಕೈ ಹಾಗೇ ಹಿಡಿದು, "ನಂಬರ್ ಯಾರದ್ರಿ, ನಂಬರ್?" ಎಂದು ಕೇಳುತ್ತಲೇ ಇದ್ದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬಸುರಿ ಹೆಣ್ಣುಮಗಳೊಬ್ಬಳು ಎಲ್ಲರಿಗಿಂತ ಹೆಚ್ಚು ಹೊತ್ತು ಬಿಸಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದಳು. ಯಾರೂ ಅವಳನ್ನು ಅವಸರ ಮಾಡಲಿಲ್ಲ.

ಮನೆಗೆ ಬಂದಾಗ ಅತ್ತಿ ಕಟ್ಟೆಯ ಮೇಲೆಯೇ ಕುಂತಿದ್ದರು. ಹಿಟ್ಟಿನ ಡಬ್ಬಿ ಇಳಿಸಿದೆ. ಅವರು ಟೊಪ್ಪಿಗಿ ತೆಗೆದುಕೊಂಡು ತಿರುಗಿಸಿ ನೋಡಿದರು. ಅದರ ಮೇಲೆಲ್ಲ ಬಿಳಿ ಹಿಟ್ಟಿನ ಬೆರಳ ಗುರುತು.

"ಎಷ್ಟು ಮಂದಿ ಹಾಕ್ಕೊಂಡ್ರು?"

"ಎಲ್ಲಾರೂ ರೀ."

ಅತ್ತಿ ನಕ್ಕರು. ನಾಲ್ಕು ದಿನದ ಮೇಲೆ ಮೊದಲ ಸಲ. ಮೊಣಕಾಲಿಗೆ ಬಡಿದು ಹಿಟ್ಟು ಉದುರಿಸಿದರು. ನಾನು ಇನ್ನೂ ಅದೇ ಹುರುಪಿನಲ್ಲಿ ಕೈ ಚಾಚಿ, "ಕೊಡ್ರಿ ಅತ್ತಿ, ಒಳಗ ಗೂಟಕ್ಕ ಹಾಕ್ತೀನಿ" ಎಂದೆ.

"ಯಾಕ? ಮಾಳಿಗಿ ಮ್ಯಾಲ ಶಾವಿಗಿ ಒಣಗ್ಲಿಕ್ಕ ಹಾಕೀನಿ, ನೋಡಿ ಬರಬೇಕು" ಎಂದು ಅವರು ಎದ್ದು ಅದನ್ನು ತಲೆಗೆ ಇಟ್ಟುಕೊಂಡರು. ಮೆಟ್ಟಿಲ ಹತ್ತಿರ ನಿಂತು ಲಾಡಿ ಕಟ್ಟುತ್ತಾ ತಿರುಗಿ ನೋಡಿದರು. "ಇದು ನಂದು, ಸುನಂದಾ. ನಿನಗ ಬೇಕಾದ್ರ ಹೋಗಿ ನಿಂದು ಹುಡುಕ್ಕೋ."

ಹೇಳಿ, ಸುಡುವ ಮಾಳಿಗೆಯ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತಿ ಹೋದರು.